ಅಂಡಾಶಯ ತೆಗೆಸಿಕೊಂಡವರಿಗೆ ಎಸ್ಟ್ರಡಯೋಲ್ ಜೆಲ್: ಮದ್ದು ಒಳ್ಳೆಯದು, ಹೇಳಿಕೊಡುವವರು ಕಡಿಮೆ

80 ಗ್ರಾಂ ಟ್ಯೂಬು, ಬಣ್ಣವಿಲ್ಲದ ಜೆಲ್, ಮುಚ್ಚಳ ತೆಗೆದರೆ ಸ್ಪಿರಿಟ್ಟಿನ ವಾಸನೆ. ಸಾಮರ್ಥ್ಯ 0.06%, ಅಂದರೆ ಒಂದು ಗ್ರಾಂ ಜೆಲ್‌ನಲ್ಲಿ 0.6 ಮಿಲಿಗ್ರಾಂ ಎಸ್ಟ್ರಡಯೋಲ್. ಅಂಡಾಶಯ ತಾನಾಗಿಯೇ ತಯಾರಿಸುವ ಹಾರ್ಮೋನಿಗೂ ಇದಕ್ಕೂ ರಾಸಾಯನಿಕವಾಗಿ ಯಾವ ವ್ಯತ್ಯಾಸವೂ ಇಲ್ಲ. ಫ್ರಾನ್ಸ್‌ನಲ್ಲಿ 1970ರ ದಶಕದಿಂದಲೂ ಬಳಕೆಯಲ್ಲಿರುವ ಈ ಜೆಲ್ ನಮ್ಮ ಮೆಡಿಕಲ್ ಶಾಪುಗಳಲ್ಲಿ ಈಸ್ಟ್ರೊಜೆಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ವೈದ್ಯರ ಚೀಟಿ ಬೇಕೇ ಬೇಕು.

ಮುಟ್ಟು ನಿಂತ ಎಲ್ಲರೂ ಇದನ್ನು ಹಚ್ಚಿಕೊಳ್ಳಿ ಎಂದು ಹೇಳುವ ಬರಹ ಇದಲ್ಲ. 45 ತುಂಬುವ ಮೊದಲೇ ಆಪರೇಷನ್‌ನಲ್ಲಿ ಎರಡೂ ಅಂಡಾಶಯ ಕಳೆದುಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಜೆಲ್ಲನ್ನೂ ಅದರ ಅಕ್ಕಪಕ್ಕ ಸಿಗುವ ಮಾತ್ರೆ, ಕ್ರೀಮುಗಳನ್ನೂ ತೂಗಿ ನೋಡಿದ್ದೇವೆ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಇಂಥವರಿಗೆ ಸದ್ಯ ನಮ್ಮಲ್ಲಿ ಸಿಗುವ ಈಸ್ಟ್ರೊಜೆನ್ (ಎಸ್ಟ್ರಡಯೋಲ್ ಸೇರಿದ ಹೆಣ್ಣು ಹಾರ್ಮೋನುಗಳ ಗುಂಪು) ರೂಪಗಳಲ್ಲಿ ಜೆಲ್ಲೇ ಮೇಲು. ಆದರೆ ಅದು ಕೆಲಸ ಮಾಡುವುದು ಅಳತೆ, ಹಚ್ಚುವ ಕ್ರಮ, ಜೊತೆಗೆ ಗರ್ಭಕೋಶದ ಒಳಪದರ ಕಾಯುವ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟರಾನ್ ಬೇಕೋ ಬೇಡವೋ, ಎಷ್ಟು ವರ್ಷ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸರಿಯಿದ್ದಾಗ ಮಾತ್ರ. ಆ ಉತ್ತರ ಟ್ಯೂಬಿನ ಜೊತೆ ಬರುವುದಿಲ್ಲ.

ಈ ಗುಂಪಿನ ಬಗ್ಗೆಯೇ ಯಾಕೆ ಎಂದರೆ, ನಮ್ಮಲ್ಲಿ ಅವರ ಸಂಖ್ಯೆ ಸಣ್ಣದಲ್ಲ; ಗರ್ಭಕೋಶ ತೆಗೆಯುವಾಗ ಅಂಡಾಶಯವನ್ನೂ ತೆಗೆದುಬಿಡುವುದುಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡವರು, ಅದೂ ಬಹುಪಾಲು ಮೂವತ್ತರ ಪ್ರಾಯದಲ್ಲಿ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಬಿಳಿಸೆರಗು, ಹೊಟ್ಟೆನೋವು ಎಂಬ ಕಾರಣಕ್ಕೇ ಗರ್ಭಕೋಶ ತೆಗೆದ ಪ್ರಕರಣ 2015ರ ಹೊತ್ತಿಗೆ ರಾಜ್ಯದಲ್ಲಿ ದೊಡ್ಡ ಸುದ್ದಿಯಾಗಿತ್ತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ 2023ರ ಏಪ್ರಿಲ್‌ನಲ್ಲಿ ಹೇಳಿತು. ಆಪರೇಷನ್ ಬೇಕಿತ್ತೋ ಇಲ್ಲವೋ ಎಂಬ ಚರ್ಚೆ ಇಷ್ಟಾದರೂ ನಡೆದಿದೆ. ಆದ ಮೇಲೆ ಆ ದೇಹಕ್ಕೆ ಏನು ಕೊಡಬೇಕು ಎಂಬ ಚರ್ಚೆ ಶುರುವೇ ಆಗಿಲ್ಲ. ಕೈಗೆ ಒಂದು ಸ್ಟ್ರಿಪ್ ಕ್ಯಾಲ್ಸಿಯಂ ಮಾತ್ರೆ ಕೊಟ್ಟು ಕಳಿಸಿದರೆ ಮುಗಿಯಿತು ಎಂಬಂತಿದೆ.

ಡಿಸ್ಚಾರ್ಜ್ ಸಮ್ಮರಿಯಿಂದ ಶುರು ಮಾಡಿ

ಟ್ಯೂಬು ಕೊಳ್ಳುವ ಮೊದಲು ಮನೆಯ ಬೀರುವಿನಲ್ಲಿರುವ ಆಸ್ಪತ್ರೆ ಫೈಲು ತೆಗೆಯಬೇಕು. ಆಪರೇಷನ್ ಹೆಸರಿನ ಸಾಲಿನಲ್ಲಿ 'ಟಿಎಎಚ್', 'ಟಿಎಲ್‌ಎಚ್' ಅಥವಾ 'ವಿಎಚ್' ಎಂದಷ್ಟೇ ಇದ್ದರೆ ಗರ್ಭಕೋಶ ಮಾತ್ರ ಹೋಗಿದೆ. ಮುಂದೆ 'ಬಿಎಸ್‌ಒ' ಎಂದಿದ್ದರೆ ಎರಡೂ ಅಂಡಾಶಯ, ಎರಡೂ ನಾಳ ಹೋಗಿವೆ ಎಂದರ್ಥ. 'ಯುಎಸ್‌ಒ' ಎಂದರೆ ಒಂದು ಬದಿಯದು ಮಾತ್ರ. 'ಸಬ್‌ಟೋಟಲ್' ಎಂಬ ಪದವಿದ್ದರೆ ಗರ್ಭಕೊರಳು ಉಳಿದಿದೆ; ಇದು ಮುಂದೆ ಪ್ರೊಜೆಸ್ಟರಾನ್ ವಿಷಯದಲ್ಲಿ ಮುಖ್ಯವಾಗುತ್ತದೆ. ಬಯಾಪ್ಸಿ ರಿಪೋರ್ಟ್ ಕೂಡ ಬೇಕು. ಅದರಲ್ಲಿ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಎಂದಿದ್ದರೆ ಲೆಕ್ಕ ಬದಲಾಗುತ್ತದೆ, ಕ್ಯಾನ್ಸರ್ ಎಂದಿದ್ದರೆ ಪೂರ್ತಿ ಬೇರೆಯೇ ಆಗುತ್ತದೆ. ಫೈಲು ಕಳೆದುಹೋಗಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಅಂಡಾಶಯ ಇದೆಯೇ ಎಂದು ನೋಡಬಹುದು.

ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದ್ದರೂ ನಿಶ್ಚಿಂತೆ ಪೂರ್ತಿಯಿಲ್ಲ. ಅಂಥವರಲ್ಲಿ ಅಂಡಾಶಯ ಬೇಗ ಸುಸ್ತಾಗುವ ಸಂಭವ ಹೆಚ್ಚು, ಮುಟ್ಟೇ ಇಲ್ಲದ್ದರಿಂದ ಅದು ನಿಂತದ್ದು ಗೊತ್ತೂ ಆಗುವುದಿಲ್ಲ. ನಿದ್ದೆಗೆಡುವುದು, ರಾತ್ರಿ ಬೆವರು, ಕೀಲುನೋವು ಶುರುವಾದರೆ ಎಫ್‌ಎಸ್‌ಎಚ್ ರಕ್ತಪರೀಕ್ಷೆ (ಅಂಡಾಶಯ ಸೊರಗಿದಾಗ ಏರುವ ಹಾರ್ಮೋನಿನದು) ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಸಲ ಮಾಡಿಸಬೇಕು, ಒಂದು ಸಲದ ಅಂಕಿ ಮೋಸ ಮಾಡುತ್ತದೆ. ಎರಡೂ ಅಂಡಾಶಯ ಹೋದವರಿಗೆ ಈ ಪರೀಕ್ಷೆಯೇ ಬೇಡ. ಎಸ್ಟ್ರಡಯೋಲ್ ಒಂದೆರಡು ದಿನದಲ್ಲೇ ಪಾತಾಳಕ್ಕಿಳಿದಿರುತ್ತದೆ. ಸಹಜವಾಗಿ ಮುಟ್ಟು ನಿಲ್ಲುವವರಲ್ಲಿ ವರ್ಷಗಟ್ಟಲೆ ನಡೆಯುವ ಇಳಿತ ಇಲ್ಲಿ ಆಸ್ಪತ್ರೆಯ ಮಂಚದ ಮೇಲೇ ಮುಗಿಯುತ್ತದೆ. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರುವ ಮೈ ಕಾವು ಇವರಲ್ಲಿ ಜೋರಾಗಿರುವುದು ಅದಕ್ಕೇ.

ಕಾವು, ಬೆವರಿಗಷ್ಟೇ ಆಗಿದ್ದರೆ ಸಹಿಸಿಕೊಳ್ಳಿ ಎನ್ನಬಹುದಿತ್ತೇನೋ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಒಂದೇ ಜಿಲ್ಲೆಯ ಮಹಿಳೆಯರನ್ನು ದಶಕಗಟ್ಟಲೆ ಹಿಂಬಾಲಿಸಿ ನೋಡಿ 2006ರಲ್ಲಿ ಹೇಳಿದ್ದು ಇದು: 45ಕ್ಕಿಂತ ಮೊದಲು ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಸಾವಿನ ಪ್ರಮಾಣ ಹೆಚ್ಚು, ಅದರಲ್ಲೂ ಆ ಮೇಲೆ ಈಸ್ಟ್ರೊಜೆನ್ ಪಡೆಯದವರಲ್ಲಿ. ಹೃದಯ, ಮೂಳೆ, ಮರೆವು, ಮೂರೂ ಕಡೆ ಹೊಡೆತ ಬೀಳುತ್ತದೆ. ಹಾಗಾಗಿ ಈ ವಯಸ್ಸಿನಲ್ಲಿ ಈಸ್ಟ್ರೊಜೆನ್ ಕೊಡುವುದು ತೊಂದರೆ ತಗ್ಗಿಸುವ ಔಷಧಕ್ಕಿಂತ ಹೆಚ್ಚಾಗಿ, ಹೋದದ್ದನ್ನು ಮರಳಿ ಕೊಡುವ ಕೆಲಸ. ಥೈರಾಯ್ಡ್ ತೆಗೆದವರಿಗೆ ಥೈರಾಕ್ಸಿನ್ ಕೊಡಬೇಕೋ ಬೇಡವೋ ಎಂದು ಯಾರೂ ಮೀನಮೇಷ ಎಣಿಸುವುದಿಲ್ಲವಲ್ಲ.

ಮಾತ್ರೆ ಯಾಕಲ್ಲ

ಮಾತ್ರೆ ನುಂಗುವುದು ಸುಲಭ, ಎಲ್ಲ ಊರಲ್ಲೂ ಸಿಗುತ್ತದೆ. ಎಸ್ಟ್ರಡಯೋಲ್ ವ್ಯಾಲರೇಟ್ 2 ಮಿಲಿಗ್ರಾಂ (ಪ್ರೊಗಿನೋವ), ಕುದುರೆ ಮೂತ್ರದಿಂದ ತೆಗೆದ ಕಾಂಜುಗೇಟೆಡ್ ಈಸ್ಟ್ರೊಜೆನ್ 0.625 ಮಿಲಿಗ್ರಾಂ (ಪ್ರೀಮರಿನ್), ಇವೆರಡೂ ಕೆಲಸ ಮಾಡುತ್ತವೆ. ತೊಂದರೆ ಇರುವುದು ದಾರಿಯಲ್ಲಿ. ನುಂಗಿದ ಹಾರ್ಮೋನು ಮೊದಲು ಹೋಗುವುದು ಯಕೃತ್ತಿಗೆ. ಅಷ್ಟೊಂದು ಈಸ್ಟ್ರೊಜೆನ್ ಒಮ್ಮೆಲೇ ಬಂದಾಗ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚು ತಯಾರಿಸುತ್ತದೆ, ಟ್ರೈಗ್ಲಿಸರೈಡ್ ಏರಿಸುತ್ತದೆ. ಚರ್ಮದ ಮೂಲಕ ಒಳಗಿಳಿದದ್ದು ನೇರ ರಕ್ತಕ್ಕೆ ಸೇರುತ್ತದೆ, ಈ ಮೊದಲ ಸುತ್ತು ತಪ್ಪುತ್ತದೆ.

ಇದು ಬರೀ ಸಿದ್ಧಾಂತವಲ್ಲ. ಫ್ರಾನ್ಸಿನ ಎಸ್ತರ್ ಅಧ್ಯಯನದಲ್ಲಿ (2007) ಮಾತ್ರೆ ನುಂಗುವವರಲ್ಲಿ ಕಾಲಿನ ರಕ್ತನಾಳ ಮತ್ತು ಶ್ವಾಸಕೋಶದಲ್ಲಿ ಹೆಪ್ಪುಗಟ್ಟುವ ಅಪಾಯ ಹಾರ್ಮೋನು ಪಡೆಯದವರಿಗಿಂತ ನಾಲ್ಕು ಪಟ್ಟು ಇತ್ತು. ಜೆಲ್ ಅಥವಾ ಚರ್ಮಕ್ಕೆ ಅಂಟಿಸುವ ಪ್ಯಾಚು ಬಳಸಿದವರಲ್ಲಿ ಹೆಚ್ಚಳವೇ ಕಾಣಲಿಲ್ಲ. 2019ರಲ್ಲಿ ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಜಾಲಾಡಿದ ದೊಡ್ಡ ಅಧ್ಯಯನವೂ ಚರ್ಮದ ದಾರಿಗೆ ಅದೇ ಉತ್ತರ ಕೊಟ್ಟಿತು. ಇವು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳಲ್ಲ, ಬಳಸುತ್ತಿದ್ದವರನ್ನು ಗಮನಿಸಿದ ಅಧ್ಯಯನಗಳು ಎಂಬುದನ್ನು ಮರೆಯಬಾರದು. ಆದರೂ ಎರಡು ದೇಶಗಳ ಲೆಕ್ಕ ಒಂದೇ ದಿಕ್ಕಿಗೆ ಬೊಟ್ಟು ಮಾಡಿದಾಗ, ತೂಕ ಹೆಚ್ಚಿರುವವರಿಗೆ, ಮನೆಯಲ್ಲಿ ಯಾರಿಗಾದರೂ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ, ಮೈಗ್ರೇನ್ ಇರುವವರಿಗೆ ಮಾತ್ರೆ ಬರೆಯಲು ಕಾರಣವೇ ಉಳಿಯುವುದಿಲ್ಲ.

ಇನ್ನೊಂದು ಲಾಭ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ನುಂಗುವ ಈಸ್ಟ್ರೊಜೆನ್ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನು ಏರಿಸುತ್ತದೆ. ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರು ಈಸ್ಟ್ರೊಜೆನ್ ಮಾತ್ರೆ ಶುರು ಮಾಡಿದರೆ ಕೆಲವು ವಾರಗಳಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಸಾಲದಾದಾಗ ಏರುವ ಅಂಕಿ) ಏರಿ ಥೈರಾಕ್ಸಿನ್ ಡೋಸು ಹೆಚ್ಚಿಸಬೇಕಾಗಬಹುದು. ಸುಸ್ತು, ತೂಕ ಎಲ್ಲದಕ್ಕೂ 'ಹಾರ್ಮೋನ್ ಆಗಿಬರಲಿಲ್ಲ' ಎಂಬ ಹೆಸರು ಬಿದ್ದು ಔಷಧವೇ ನಿಂತುಬಿಡುತ್ತದೆ. ಜೆಲ್‌ನಲ್ಲಿ ಈ ರಗಳೆ ಇಲ್ಲ. ಟಿಬಿಗೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಾಝೆಪೈನ್ ತೆಗೆದುಕೊಳ್ಳುವವರಲ್ಲಿ ಮಾತ್ರ ಜೆಲ್ಲೂ ಬೇಗ ಕರಗಿಹೋಗಬಹುದು. ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಹಚ್ಚುವ ಕ್ರಮ, ಕೆಡುವ ಜಾಗಗಳು

ಪೂರ್ತಿ ಒಂದು ಅಳತೆ ಎಂದರೆ 2.5 ಗ್ರಾಂ ಜೆಲ್, ಅದರಲ್ಲಿ 1.5 ಮಿಲಿಗ್ರಾಂ ಎಸ್ಟ್ರಡಯೋಲ್. ಇದರಲ್ಲಿ ಚರ್ಮ ದಾಟಿ ರಕ್ತ ಸೇರುವುದು ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಬೇರೆ ದೇಶಗಳಲ್ಲಿ ಒತ್ತಿದರೆ ಇಷ್ಟೇ ಎಂದು ಬೀಳುವ ಪಂಪು ಸಿಗುತ್ತದೆ, ಒಂದು ಒತ್ತಿಗೆ 1.25 ಗ್ರಾಂ. ಟ್ಯೂಬಿನ ಜೊತೆ ಬರುವುದು ಅಳತೆಪಟ್ಟಿ. ಇದೇ ಈ ಉತ್ಪನ್ನದ ಅತಿ ದುರ್ಬಲ ಭಾಗ. ಪಟ್ಟಿಯ ಮೇಲೆ ಗೆರೆ ತುಂಬುವಷ್ಟು ಹಿಂಡಬೇಕು. ಪಟ್ಟಿ ಕಳೆದುಹೋದರೆ ಕಡಲೆ ಗಾತ್ರವೋ ನೆಲ್ಲಿಕಾಯಿ ಗಾತ್ರವೋ ಎಂಬ ಅಂದಾಜಿಗೆ ಬಿದ್ದು ಡೋಸು ಅರ್ಧವೂ ಆಗುತ್ತದೆ, ದುಪ್ಪಟ್ಟೂ ಆಗುತ್ತದೆ. ಪಟ್ಟಿಯನ್ನು ಟ್ಯೂಬಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡುವುದು ಒಳ್ಳೆಯದು. ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಲು ತಾರೀಖು ಸಾಕು: ದಿನಕ್ಕೆ 2.5 ಗ್ರಾಂನಂತೆ 80 ಗ್ರಾಂ ಟ್ಯೂಬು 32 ದಿನ ಬರಬೇಕು. ತೆರೆದ ದಿನವನ್ನು ಟ್ಯೂಬಿನ ಮೇಲೆ ಪೆನ್ನಿನಲ್ಲಿ ಬರೆದಿಡಿ. ಮೂರೇ ವಾರದಲ್ಲಿ ಖಾಲಿಯಾದರೆ ಹೆಚ್ಚು ಹಚ್ಚುತ್ತಿದ್ದೀರಿ, ಎರಡು ತಿಂಗಳು ಬಂದರೆ ಅರ್ಧ ಡೋಸೇ ಹೋಗುತ್ತಿದೆ. ದಿನದ ಖರ್ಚು ಲೆಕ್ಕ ಹಾಕಲೂ ಇದೇ 32ರಿಂದ ಬೆಲೆಯನ್ನು ಭಾಗಿಸಿ.

ಸ್ನಾನ ಮುಗಿಸಿ, ಮೈ ಚೆನ್ನಾಗಿ ಒರೆಸಿಕೊಂಡ ಮೇಲೆ ಹಚ್ಚಬೇಕು. ಭುಜದಿಂದ ಮುಂಗೈವರೆಗೆ ತೋಳಿನ ಹೊರಭಾಗ, ಇಲ್ಲವೇ ತೊಡೆಯ ಒಳಭಾಗ. ತೆಳುವಾಗಿ, ಅಗಲವಾಗಿ ಹರಡಬೇಕು. ಔಷಧ ಒಳಗಿಳಿಯಲಿ ಎಂದು ತಿಕ್ಕಿ ಮಸಾಜು ಮಾಡಬೇಕಿಲ್ಲ. ಎದೆಗೆ, ಮುಖಕ್ಕೆ, ಗಾಯವಿರುವ ಚರ್ಮಕ್ಕೆ ಹಚ್ಚಬಾರದು. ಐದು ನಿಮಿಷ ಆರಲು ಬಿಟ್ಟು ಬಟ್ಟೆ ಹಾಕಿಕೊಳ್ಳಿ. ಆ ಮೇಲೆ ಒಂದು ಗಂಟೆ ಆ ಜಾಗಕ್ಕೆ ನೀರು, ಎಣ್ಣೆ, ಕ್ರೀಮು ಏನೂ ತಾಗಬಾರದು. ಕೊಬ್ಬರಿ ಎಣ್ಣೆ ಹಚ್ಚಿದ ಮೈ ಮೇಲೆ ಜೆಲ್ ಹಚ್ಚುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಜೆಲ್ಲಿನ ಆಧಾರವೇ ಆಲ್ಕೊಹಾಲ್. ಅದು ಆರುವ ತನಕ ಬೆಂಕಿ ಹೊತ್ತಿಕೊಳ್ಳಬಲ್ಲದು. ಬೆಳಿಗ್ಗೆ ಸ್ನಾನವಾದ ಕೂಡಲೇ ದೇವರ ದೀಪ ಹಚ್ಚುವ, ಗ್ಯಾಸ್ ಒಲೆ ಮುಂದೆ ನಿಲ್ಲುವ ಮನೆಗಳಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಬೆಳಗಿನ ಗಡಿಬಿಡಿ ಬೇಡವೆನ್ನುವವರು ರಾತ್ರಿ ಹಚ್ಚಿಕೊಳ್ಳಲಿ, ಹೊತ್ತು ಯಾವುದಾದರೂ ದಿನವೂ ಒಂದೇ ಇದ್ದರಾಯಿತು.

ಕೈ ತೊಳೆಯುವುದು ಶಿಷ್ಟಾಚಾರವಲ್ಲ, ಔಷಧದ ಭಾಗ. ಹಚ್ಚಿದ ಚರ್ಮ ಮಕ್ಕಳಿಗೆ ತಾಗಿದರೆ ಹಾರ್ಮೋನು ದಾಟುತ್ತದೆ. ಇದೇ ಹಾರ್ಮೋನಿನ ಸ್ಪ್ರೇ ಬಳಸುವ ಮನೆಗಳಲ್ಲಿ ಪುಟ್ಟ ಮಕ್ಕಳಿಗೆ ಎದೆ ಬೆಳೆದ ವರದಿಗಳು ಬಂದು 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು. ಮಗುವನ್ನು ತೋಳಲ್ಲಿ ಮಲಗಿಸಿಕೊಳ್ಳುವವರು ತೊಡೆಗೆ ಹಚ್ಚುವುದು ವಾಸಿ.

ಒಂದು ದಿನ ಮರೆತರೆ ಹನ್ನೆರಡು ಗಂಟೆಯೊಳಗೆ ನೆನಪಾದರೆ ಹಚ್ಚಿ, ದಾಟಿದರೆ ಬಿಟ್ಟುಬಿಡಿ. ಮರುದಿನ ದುಪ್ಪಟ್ಟು ಬೇಡ.

ಡೋಸಿನ ವಿಷಯದಲ್ಲಿ ನಮ್ಮಲ್ಲಿ ಆಗುವ ತಪ್ಪು ಹೆಚ್ಚು ಕೊಡುವುದಲ್ಲ, ಕಡಿಮೆ ಕೊಡುವುದು. ಐವತ್ತು ದಾಟಿದವರ ಮೈ ಕಾವಿಗೆ 0.75 ಮಿಲಿಗ್ರಾಂ ಸಾಕಾಗಬಹುದು. 35ರಲ್ಲಿ ಅಂಡಾಶಯ ಕಳೆದುಕೊಂಡವರಿಗೆ 1.5ರಿಂದ 3 ಮಿಲಿಗ್ರಾಂ ಬೇಕಾಗುವುದು ಸಾಮಾನ್ಯ, ಅಂದರೆ ಒಂದರಿಂದ ಎರಡು ಪೂರ್ತಿ ಅಳತೆ. 3 ಮಿಲಿಗ್ರಾಂ ಆದರೆ ಟ್ಯೂಬು 16 ದಿನಕ್ಕೇ ಮುಗಿಯುತ್ತದೆ, ಚೀಟಿಯಲ್ಲಿ ತಿಂಗಳಿಗೆ ಎರಡು ಟ್ಯೂಬು ಬರೆಸಿಕೊಳ್ಳದಿದ್ದರೆ ಅರ್ಧ ತಿಂಗಳು ಖಾಲಿ. ಕಾವು, ಬೆವರು ನಾಲ್ಕು ವಾರದಲ್ಲಿ ತಗ್ಗತೊಡಗುತ್ತವೆ, ಪೂರ್ತಿ ಪರಿಣಾಮ ನೋಡಲು ಮೂರು ತಿಂಗಳು ಕಾಯಬೇಕು. ಹತ್ತು ದಿನ ಹಚ್ಚಿ 'ಏನೂ ಆಗಲಿಲ್ಲ' ಎಂದು ಬಿಡುವವರೇ ಹೆಚ್ಚು. ಮೂರು ತಿಂಗಳಾದರೂ ರಾತ್ರಿ ಬೆವರುತ್ತಿದ್ದರೆ ರಕ್ತದಲ್ಲಿ ಎಸ್ಟ್ರಡಯೋಲ್ ನೋಡುವುದಕ್ಕೆ ಅರ್ಥವಿದೆ, ಏಕೆಂದರೆ ಚರ್ಮ ಹೀರಿಕೊಳ್ಳುವ ಪ್ರಮಾಣ ಒಬ್ಬರಿಂದೊಬ್ಬರಿಗೆ ತುಂಬ ಬೇರೆ. ಎಳೆಯ ವಯಸ್ಸಿನವರಿಗೆ ಕೊಡುವ 100 ಮೈಕ್ರೊಗ್ರಾಂ ಪ್ಯಾಚು ರಕ್ತದಲ್ಲಿ ಮಿಲಿಲೀಟರಿಗೆ ಸುಮಾರು 100 ಪಿಕೊಗ್ರಾಂ ಮಟ್ಟ ಕೊಡುತ್ತದೆ, ಸಹಜ ಋತುಚಕ್ರದ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಹೋಲಿಸಿ ನೋಡಲು ಅದೊಂದು ಆಧಾರ. ಜೆಲ್ ಹಚ್ಚಿದ ತೋಳಿನಿಂದ ಮಾತ್ರ ರಕ್ತ ಕೊಡಬೇಡಿ. ಚರ್ಮದ ಮೇಲಿನ ಔಷಧ ಸೂಜಿಗೆ ತಾಗಿ ರಿಪೋರ್ಟಿನಲ್ಲಿ ಸಾವಿರಗಟ್ಟಲೆ ಅಂಕಿ ಬಂದು, ಗಾಬರಿಯಲ್ಲಿ ಡೋಸು ಇಳಿಸಿಬಿಡುತ್ತಾರೆ.

ಪ್ರೊಜೆಸ್ಟರಾನ್ ಲೆಕ್ಕ

ಗರ್ಭಕೋಶ ಇದ್ದವರಿಗೆ ಈಸ್ಟ್ರೊಜೆನ್ ಒಂಟಿಯಾಗಿ ಕೊಡುವಂತೆಯೇ ಇಲ್ಲ. 1995ರಲ್ಲಿ ಪ್ರಕಟವಾದ ಅಮೆರಿಕದ ಪೆಪಿ ಪ್ರಯೋಗದಲ್ಲಿ 0.625 ಮಿಲಿಗ್ರಾಂ ಕಾಂಜುಗೇಟೆಡ್ ಈಸ್ಟ್ರೊಜೆನ್ನನ್ನು ಒಂಟಿಯಾಗಿ ಮೂರು ವರ್ಷ ತೆಗೆದುಕೊಂಡವರಲ್ಲಿ ಮೂರರಲ್ಲೊಬ್ಬರಿಗೆ ಗರ್ಭಕೋಶದ ಒಳಪದರ ಕ್ಯಾನ್ಸರ್ ದಿಕ್ಕಿಗೆ ಹೊರಳುವ ಬಗೆಯಲ್ಲಿ ದಪ್ಪಗಾಗಿತ್ತು. ಜೊತೆಗೆ ಪ್ರೊಜೆಸ್ಟರಾನ್ ಪಡೆದವರಲ್ಲಿ ಆ ತೊಂದರೆ ಇರಲಿಲ್ಲ. ಕ್ಯಾಪ್ಸೂಲಾದರೆ ದಿನಕ್ಕೆ 100 ಮಿಲಿಗ್ರಾಂ ನಿತ್ಯ, ಅಥವಾ 200 ಮಿಲಿಗ್ರಾಂ ತಿಂಗಳಿಗೆ 12 ದಿನ. ಮಲಗುವಾಗಲೇ ತೆಗೆದುಕೊಳ್ಳಿ, ಅದು ನಿದ್ದೆ ಬರಿಸುತ್ತದೆ. ನಿದ್ದೆಗೆಟ್ಟವರಿಗೆ ಇದು ಅಡ್ಡಪರಿಣಾಮಕ್ಕಿಂತ ವರವೇ. ನಮ್ಮ ಅಂಗಡಿಗಳಲ್ಲಿ ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆಗಳೂ ಇವೆ. ಒಳಪದರ ಕಾಯುವ ಪುರಾವೆ ಇರುವುದು ಕ್ಯಾಪ್ಸೂಲಿಗೆ, ಹಾಗಾಗಿ ಅದನ್ನೇ ಕೇಳಿ ಪಡೆಯುವುದು ಕ್ಷೇಮ. ಡೈಡ್ರೊಜೆಸ್ಟರಾನ್ (ಡುಫಾಸ್ಟನ್) ಇನ್ನೊಂದು ಒಳ್ಳೆಯ ಆಯ್ಕೆ.

ಪೂರ್ತಿ ಗರ್ಭಕೋಶ ಹೋದವರಿಗೆ ಇದ್ಯಾವುದೂ ಬೇಡ, ಜೆಲ್ ಒಂದೇ ಸಾಕು. ಇದಕ್ಕೆ ಎರಡು ಅಪವಾದ, ಫೈಲು ನೋಡಿ ಎಂದದ್ದು ಅದಕ್ಕೇ. ಸಬ್‌ಟೋಟಲ್ ಆಪರೇಷನ್ ಆದವರಲ್ಲಿ ಗರ್ಭಕೊರಳಿನ ಜೊತೆ ಒಳಪದರದ ಚೂರು ಉಳಿದಿರಬಹುದು. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಅಂಥದೇ ಅಂಗಾಂಶ ಹೊಟ್ಟೆಯೊಳಗೆ ಬೇರೆ ಕಡೆ ಉಳಿದಿರಬಹುದು. ಇವರಿಗೆ ಪ್ರೊಜೆಸ್ಟರಾನ್ ಸೇರಿಸುವ ಬಗ್ಗೆ ವೈದ್ಯರ ಜೊತೆ ಮಾತಾಡಬೇಕು. ಗರ್ಭಕೋಶ ಇದ್ದು ಎರಡೂ ಔಷಧ ನಿತ್ಯ ತೆಗೆದುಕೊಳ್ಳುವವರಲ್ಲಿ ಮೊದಲ ಮೂರರಿಂದ ಆರು ತಿಂಗಳು ಅಲ್ಪಸ್ವಲ್ಪ ರಕ್ತ ಕಾಣಿಸಿದರೆ ಗಾಬರಿ ಬೇಡ. ಅದು ದಾಟಿದ ಮೇಲೂ ಬಂದರೆ, ಅಥವಾ ನಿಂತದ್ದು ಮತ್ತೆ ಶುರುವಾದರೆ ಅಲ್ಟ್ರಾಸೌಂಡ್ ಮಾಡಿಸಲೇಬೇಕು.

2002ರ ಭೂತ

ಹಾರ್ಮೋನು ತೆಗೆದುಕೊಂಡರೆ ಕ್ಯಾನ್ಸರ್ ಬರುತ್ತದಂತೆ ಎಂಬ ಮಾತಿಗೆ ಮೂಲ ಒಂದಿದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗದ ಒಂದು ಭಾಗವನ್ನು 2002ರ ಜುಲೈನಲ್ಲಿ ನಡುವೆಯೇ ನಿಲ್ಲಿಸಿದರು. ಅದರಲ್ಲಿದ್ದದ್ದು 16,608 ಮಹಿಳೆಯರು. ಅವರ ಸರಾಸರಿ ವಯಸ್ಸು 63. ಎಲ್ಲರಿಗೂ ಗರ್ಭಕೋಶ ಇತ್ತು. ಕೊಟ್ಟದ್ದು ಮಾತ್ರೆ: ಕುದುರೆ ಈಸ್ಟ್ರೊಜೆನ್ 0.625 ಮಿಲಿಗ್ರಾಂ, ಜೊತೆಗೆ ಪ್ರೊಜೆಸ್ಟರಾನನ್ನು ಹೋಲುವ ಕೃತಕ ಹಾರ್ಮೋನಾದ ಮೆಡ್ರಾಕ್ಸಿಪ್ರೊಜೆಸ್ಟರಾನ್ 2.5 ಮಿಲಿಗ್ರಾಂ. ಸಿಕ್ಕ ಲೆಕ್ಕ ಹತ್ತು ಸಾವಿರ ಮಹಿಳೆಯರಿಗೆ ವರ್ಷಕ್ಕೆ ಎಂಟು ಸ್ತನ ಕ್ಯಾನ್ಸರ್ ಹೆಚ್ಚು, ಎಂಟು ಪಾರ್ಶ್ವವಾಯು ಹೆಚ್ಚು, ಏಳು ಹೃದಯಾಘಾತ ಹೆಚ್ಚು. ಸೊಂಟದ ಮೂಳೆ ಮುರಿತ ಐದು ಕಡಿಮೆ, ಕರುಳಿನ ಕ್ಯಾನ್ಸರ್ ಆರು ಕಡಿಮೆ. ಪತ್ರಿಕೆಗಳ ತಲೆಬರಹಕ್ಕೆ ಏರಿದ್ದು ಸ್ತನ ಕ್ಯಾನ್ಸರ್‌ನಲ್ಲಿ 'ಶೇ. 26 ಹೆಚ್ಚಳ' ಎಂಬ ಅಂಕಿ.

ಅದೇ ಪ್ರಯೋಗದ ಇನ್ನೊಂದು ಭಾಗ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು, ಅದು ಯಾರ ಬಾಯಲ್ಲೂ ಇಲ್ಲ. ಗರ್ಭಕೋಶ ತೆಗೆಸಿಕೊಂಡ 10,739 ಮಹಿಳೆಯರಿಗೆ ಈಸ್ಟ್ರೊಜೆನ್ ಮಾತ್ರ ಕೊಟ್ಟು ನೋಡಿದ ಆ ಭಾಗ 2004ರಲ್ಲಿ ನಿಂತಿತು. ಪಾರ್ಶ್ವವಾಯು ಇಲ್ಲೂ ಹೆಚ್ಚಿತ್ತು, ಸ್ತನ ಕ್ಯಾನ್ಸರ್ ಮಾತ್ರ ಕಡಿಮೆ ಇತ್ತು. ಇಪ್ಪತ್ತು ವರ್ಷಗಳ ಹಿಂಬಾಲಿಕೆಯ ಲೆಕ್ಕ 2020ರಲ್ಲಿ ಬಂದಾಗ, ಈಸ್ಟ್ರೊಜೆನ್ ಮಾತ್ರ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಬರುವುದೂ, ಅದರಿಂದ ಸಾಯುವುದೂ ಎರಡೂ ಕಡಿಮೆಯೇ ಇದ್ದವು. 38 ವಯಸ್ಸಿನ, ಗರ್ಭಕೋಶ ಅಂಡಾಶಯ ಎರಡೂ ಇಲ್ಲದ, ಚರ್ಮಕ್ಕೆ ಎಸ್ಟ್ರಡಯೋಲ್ ಹಚ್ಚುವ ಹೆಣ್ಣುಮಗಳಿಗೆ 2002ರ ಪಟ್ಟಿ ಓದಿ ಹೆದರಿಸುವುದು ಬೇರೆ ವಯಸ್ಸಿನ, ಬೇರೆ ದೇಹದ, ಬೇರೆ ಔಷಧದ ಲೆಕ್ಕವನ್ನು ಅವಳ ತಲೆಗೆ ಕಟ್ಟಿದಂತೆ.

ಆ ಹೆದರಿಕೆಗೆ ಬೆಲೆ ತೆತ್ತದ್ದೂ ಇದೆ. 2013ರ ಒಂದು ಲೇಖನ, ಗರ್ಭಕೋಶ ತೆಗೆಸಿಕೊಂಡ 50ರಿಂದ 59ರ ಅಮೆರಿಕದ ಮಹಿಳೆಯರು ಈಸ್ಟ್ರೊಜೆನ್ ಬಿಟ್ಟದ್ದರಿಂದ ಹತ್ತು ವರ್ಷಗಳಲ್ಲಿ 18,601ರಿಂದ 91,610 ಅಕಾಲ ಸಾವುಗಳಾಗಿರಬಹುದು ಎಂದು ಅಂದಾಜು ಮಾಡಿತು. ಇಷ್ಟು ಅಗಲದ ಅಂದಾಜನ್ನು ಅಂಕಿಯಾಗಿ ನೆಚ್ಚಿಕೊಳ್ಳಬೇಕಿಲ್ಲ, ದಿಕ್ಕು ತಿಳಿದರೆ ಸಾಕು. 2025ರ ನವೆಂಬರ್‌ನಲ್ಲಿ ಎಫ್‌ಡಿಎ ಈ ಔಷಧಗಳ ಮೇಲಿದ್ದ ಹೃದಯ, ಸ್ತನ ಕ್ಯಾನ್ಸರ್, ಮರೆವಿನ ಕಪ್ಪು ಚೌಕಟ್ಟಿನ ಎಚ್ಚರಿಕೆ ತೆಗೆಸಲು ಮುಂದಾಯಿತು. ಒಂಟಿ ಈಸ್ಟ್ರೊಜೆನ್‌ನಿಂದ ಗರ್ಭಕೋಶದ ಒಳಪದರಕ್ಕೆ ಅಪಾಯ ಎಂಬುದನ್ನು ಉಳಿಸಿಕೊಂಡಿತು, ಅದು ನ್ಯಾಯವೇ.

ಅಕ್ಕಪಕ್ಕದ ಔಷಧಗಳು

ಪ್ಯಾಚು ಜೆಲ್ಲಿಗೆ ಸಮನಾದದ್ದು, ವಾರಕ್ಕೆ ಎರಡು ಸಲ ಅಂಟಿಸಿದರೆ ಸಾಕು. ನಮ್ಮಲ್ಲಿ ಸಿಗುವುದೇ ಕಷ್ಟ, ಸಿಕ್ಕರೂ ಬೆವರುವ ಊರುಗಳಲ್ಲಿ ಅಂಟು ಬಿಡುತ್ತದೆ.

ಈಸ್ಟ್ರೊಜೆನ್ನಿನಂತೆ ಕೆಲಸ ಮಾಡುವ ಕೃತಕ ಹಾರ್ಮೋನು ಟಿಬೊಲೋನ್ 2.5 ಮಿಲಿಗ್ರಾಂ ಮಾತ್ರೆ ಮೈ ಕಾವಿಗೂ ಮೂಳೆಗೂ ಒಳ್ಳೆಯದೇ. ಆದರೆ ವಯಸ್ಸಾದವರಲ್ಲಿ ಪಾರ್ಶ್ವವಾಯು ಹೆಚ್ಚಾದ್ದರಿಂದ 2008ರಲ್ಲಿ ಪ್ರಕಟವಾದ ಲಿಫ್ಟ್ ಪ್ರಯೋಗವನ್ನು ಮೊದಲೇ ನಿಲ್ಲಿಸಬೇಕಾಯಿತು. ಅರವತ್ತು ದಾಟಿದವರಿಗೆ ಇದನ್ನು ಹೊಸದಾಗಿ ಶುರು ಮಾಡಲೇಬಾರದು.

ಯೋನಿಗೆ ಹಚ್ಚುವ, ಎಸ್ಟ್ರಿಯೋಲ್ ಎಂಬ ಇನ್ನೊಂದು ಈಸ್ಟ್ರೊಜೆನ್ ಇರುವ ಕ್ರೀಮು (ಎವಲಾನ್, ಗ್ರಾಂಗೆ 1 ಮಿಲಿಗ್ರಾಂ) ಬೇರೆಯೇ ಕೆಲಸದ್ದು. ಒಣಗುವಿಕೆ, ಉರಿ, ಸಂಭೋಗದಲ್ಲಿ ನೋವು, ಮತ್ತೆಮತ್ತೆ ಬರುವ ಮೂತ್ರದ ಸೋಂಕು, ಇವಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಅಪ್ಲಿಕೇಟರಿನಲ್ಲಿ 0.5 ಗ್ರಾಂ, ಮೊದಲ ಎರಡು ಮೂರು ವಾರ ದಿನವೂ, ಆಮೇಲೆ ವಾರಕ್ಕೆ ಎರಡು ರಾತ್ರಿ. ಈ ಎರಡನೆಯ ಭಾಗ ಹೇಳದಿರುವುದರಿಂದ ಜನ ಒಂದು ಟ್ಯೂಬು ಮುಗಿಸಿ ನಿಲ್ಲಿಸುತ್ತಾರೆ, ಎರಡು ತಿಂಗಳಲ್ಲಿ ಉರಿ ವಾಪಸ್. ಇದಕ್ಕೆ ಪ್ರೊಜೆಸ್ಟರಾನ್ ಬೇಡ. ಮೂಳೆಗೆ, ಹೃದಯಕ್ಕೆ, ಮೈ ಕಾವಿಗೆ ಇದರಿಂದ ಉಪಯೋಗವಿಲ್ಲ. ಜೆಲ್ ಹಚ್ಚಿಯೂ ಕೆಲವರಿಗೆ ಕ್ರೀಮು ಬೇಕಾಗುತ್ತದೆ, ಎರಡನ್ನೂ ಒಟ್ಟಿಗೆ ಬಳಸಬಹುದು.

ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲು ಖಾಲಿ ಗುಳಿಗೆಗಿಂತ ಮೇಲು ಎಂದು ಸಾಬೀತಾಗಿಲ್ಲ. ಮೆಡಿಕಲ್ ಶಾಪಿನವರು ಅದನ್ನು ಕೈಗಿಡುವ ಉತ್ಸಾಹ ಮಾತ್ರ ಕುಗ್ಗಿಲ್ಲ. 'ಬಯೋಐಡೆಂಟಿಕಲ್' ಎಂಬ ಬೋರ್ಡು ಹಾಕಿ ತಾವೇ ಬೆರೆಸಿ ಕೊಡುವ ಕ್ಲಿನಿಕ್ಕುಗಳ ಕ್ರೀಮಿಗೆ ದುಡ್ಡು ಸುರಿಯಬೇಡಿ: ದೇಹದ ಹಾರ್ಮೋನಿಗೆ ಸಮನಾದ, ಅಳತೆ ಗೊತ್ತಿರುವ ಔಷಧ ಈ ಟ್ಯೂಬಿನಲ್ಲೇ ಇದೆ.

ಮುಂದಿನ ಆಪರೇಷನ್, ದಿನದ ಅಭ್ಯಾಸ

ಎರಡೂ ಅಂಡಾಶಯ ತೆಗೆಯುವ ಆಪರೇಷನ್ ನಿಗದಿಯಾಗಿದ್ದರೆ ಈಸ್ಟ್ರೊಜೆನ್ ಮಾತು ದಾಖಲಾಗುವ ಮೊದಲೇ ಆಗಬೇಕು. ಯಾವ ವಯಸ್ಸು, ಯಾಕೆ ತೆಗೆಯುತ್ತಿದ್ದೀರಿ, ಬಿಡಲು ಆಗುವುದಿಲ್ಲವೇ ಎಂದು ಮೊದಲು ಕೇಳಿ. ಗರ್ಭಕೋಶದ ತೊಂದರೆಗೆ ಆರೋಗ್ಯವಂತ ಅಂಡಾಶಯವನ್ನು 'ಹೇಗೂ ಹೊಟ್ಟೆ ತೆರೆದಿದ್ದೇವೆ' ಎಂದು ತೆಗೆಯುವುದು ನಲವತ್ತರೊಳಗಿನವರಲ್ಲಿ ಒಪ್ಪುವ ಮಾತಲ್ಲ. ತೆಗೆಯಲೇಬೇಕಾದರೆ, ಎದ್ದು ಓಡಾಡತೊಡಗಿದ ಮೇಲೆ ಜೆಲ್ ಶುರು ಮಾಡಬಹುದು, ತಿಂಗಳುಗಟ್ಟಲೆ ಕಾಯಬೇಕಿಲ್ಲ.

ಮುಂದೆಂದೋ ಮಂಡಿ ಬದಲಿಸುವ, ಪಿತ್ತಕೋಶ ತೆಗೆಯುವ ಆಪರೇಷನ್ ಬಂದರೆ ಹಾರ್ಮೋನು ತೆಗೆದುಕೊಳ್ಳುತ್ತಿರುವುದನ್ನು ಅರಿವಳಿಕೆ ವೈದ್ಯರಿಗೆ ಹೇಳಿ. ಮಾತ್ರೆ ನುಂಗುವವರು ಮೊದಲೇ ಗೊತ್ತಾದ ಆಪರೇಷನ್‌ಗೆ ನಾಲ್ಕು ವಾರ ಮುಂಚೆ ನಿಲ್ಲಿಸುವ ಬಗ್ಗೆ ಯೋಚಿಸಬೇಕು ಎನ್ನುವುದು ಬ್ರಿಟನ್ನಿನ ಮಾರ್ಗಸೂಚಿ. ಚರ್ಮದ ದಾರಿಯವರಿಗೆ ಹೆಪ್ಪಿನ ಅಪಾಯ ಅಷ್ಟಿಲ್ಲದ್ದರಿಂದ ಅನೇಕ ವೈದ್ಯರು ನಿಲ್ಲಿಸುವುದಿಲ್ಲ. ಯಾವುದೇ ಆದರೂ ಬೇಗ ಎದ್ದು ನಡೆಯುವುದು, ವೈದ್ಯರು ಹೇಳಿದ ಹೆಪ್ಪುತಡೆ ಚುಚ್ಚುಮದ್ದು ತಪ್ಪಿಸದಿರುವುದು ಮುಖ್ಯ. ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮೂಳೆಗೆ ಜೆಲ್ ಒಂದೇ ಸಾಲದು. ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ರಾಗಿಯ ನೂರು ಗ್ರಾಂ ಹಿಟ್ಟಿನಲ್ಲಿ 350ರ ಆಸುಪಾಸು ಇರುತ್ತದೆ, ಎರಡು ಹೊತ್ತು ಮುದ್ದೆ ಉಣ್ಣುವ ಮನೆಯಲ್ಲಿ ಅರ್ಧ ಲೆಕ್ಕ ಅಲ್ಲೇ ಮುಗಿಯಿತು. ಅನ್ನದ ಮನೆಯವರು ಹಾಲು, ಮೊಸರಿನಿಂದ ತುಂಬಿಕೊಳ್ಳಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಿ, ಥೈರಾಕ್ಸಿನ್‌ಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಬರೀ ವಾಕಿಂಗ್ ಮೂಳೆಗೆ ಸಾಕಾಗುವುದಿಲ್ಲ, ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಬೇಕು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಶುರುವಿನಲ್ಲೇ ಒಮ್ಮೆ ಮಾಡಿಸಿಟ್ಟರೆ ಮುಂದೆ ಹೋಲಿಸಲು ಆಧಾರ ಸಿಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ನುಂಗಿದ ಈಸ್ಟ್ರೊಜೆನ್ ಬೇಗ ಕರಗುತ್ತದೆ, ಅಪಾಯವೂ ಏರುತ್ತದೆ.

ಸ್ತನ ಕ್ಯಾನ್ಸರ್ ಆದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ಯಕೃತ್ತಿನ ಕಾಯಿಲೆ ಜೋರಾಗಿರುವವರು, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು ಈ ಟ್ಯೂಬನ್ನು ಮುಟ್ಟಬಾರದು. ಬಿಆರ್‌ಸಿಎ ಜೀನ್ ದೋಷ (ಸ್ತನ, ಅಂಡಾಶಯದ ಕ್ಯಾನ್ಸರ್ ಸಂಭವ ಏರಿಸುವಂಥದು) ಇದ್ದು, ಕ್ಯಾನ್ಸರ್ ಬಾರದೆ ಮುಂಜಾಗ್ರತೆಗೆ ಅಂಡಾಶಯ ತೆಗೆಸಿಕೊಂಡವರಿಗೆ ಸಹಜ ವಯಸ್ಸಿನವರೆಗೆ ಕೊಡಬಹುದು ಎಂಬುದು ಈಗಿನ ನಿಲುವು, ಆದರೆ ಅದನ್ನು ನಿರ್ಧರಿಸಬೇಕಾದವರು ಆ ವಿಷಯ ತಿಳಿದ ತಜ್ಞರು.

ಎಷ್ಟು ದಿನ? ಅಂಡಾಶಯ ಎಳೆಯದರಲ್ಲೇ ಹೋದವರು ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಚ್ಚಬೇಕು. ಭಾರತದಲ್ಲಿ ಆ ಸರಾಸರಿ 46–47ರ ಆಸುಪಾಸಿದ್ದರೂ, ಅಂತರರಾಷ್ಟ್ರೀಯ ಸಲಹೆಗಳಂತೆ 50–51ರವರೆಗೆ ಮುಂದುವರಿಸುವುದೇ ರೂಢಿ. ಆಮೇಲೆ ವರ್ಷಕ್ಕೊಮ್ಮೆ ರಕ್ತದೊತ್ತಡ, ಸ್ತನ ಪರೀಕ್ಷೆ ನೋಡಿಕೊಂಡು ಮುಂದುವರಿಸಬೇಕೋ ಎಂದು ತೀರ್ಮಾನಿಸಬಹುದು. ನಿಲ್ಲಿಸುವಾಗ ಜೆಲ್ಲಿನ ಇನ್ನೊಂದು ಅನುಕೂಲ ಕಾಣುತ್ತದೆ. ಮಾತ್ರೆಯನ್ನು ತುಂಡು ಮಾಡುವ ಪಾಡಿಲ್ಲದೆ ಪಟ್ಟಿಯ ಮೇಲೆ ಅಳತೆಯನ್ನು ಮುಕ್ಕಾಲು, ಅರ್ಧ, ಕಾಲು ಎಂದು ಎರಡೆರಡು ತಿಂಗಳಿಗೆ ಇಳಿಸುತ್ತ ಹೋಗಬಹುದು. ಇಳಿಸುವಾಗ ಕಾವು ಮರಳಿದರೆ ಹಿಂದಿನ ಅಳತೆಗೆ ಹೋಗಿ ಒಂದೆರಡು ತಿಂಗಳು ನಿಂತು ಮತ್ತೆ ಪ್ರಯತ್ನಿಸಿ.